ಹುಬ್ಬಳ್ಳಿಗೆ ಹೊಸಬರಾ? ಹೋಮ್ ಲೋನ್ ಹೀಗೆ ಮಾಡಿಸಿ

ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಧಾರ್‌ನಲ್ಲಿ ಬೀದರ್ ವಿಳಾಸವೇ ಇದೆ ಅಂತ ಸುಮ್ನೆ ಕೂರಬೇಡಿ. ಗ್ಯಾಸ್ ಕನೆಕ್ಷನ್ ಇಲ್ಲಿಗೆ ವರ್ಗಾಯಿಸಿಕೊಂಡರೆ ಅದರ ಹೊಸ ಬಿಲ್ಲು ತೋರಿಸಿಯೇ ಆಧಾರ್ ವಿಳಾಸ ಬದಲಿಸಬಹುದು. ಸಂಬಳದ ಖಾತೆ ಇರುವ ಬ್ಯಾಂಕಿಗೇ ಮೊದಲು ಹೋಗಿ, ನಿಮ್ಮ ವ್ಯವಹಾರ ಅವರ ಕಣ್ಣೆದುರಿಗೇ ಇರುತ್ತದೆ ಅಲ್ವಾ? ಸಿಬಿಲ್ ಸ್ಕೋರ್ (ಸಾಲ ತೀರಿಸುವುದರಲ್ಲಿ ನೀವು ಎಷ್ಟು ನಂಬಿಕಸ್ತರು ಎಂದು ತೋರಿಸುವ ಅಂಕ) 750 ದಾಟಿದ್ದರೆ ಕೆಲಸ ಸಲೀಸು.

ಇನ್ನು ದುಡ್ಡು. 30 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 90%ವರೆಗೆ ಸಿಗಬಹುದು, ಅದಕ್ಕಿಂತ ಜಾಸ್ತಿ ಆದರೆ 75 ಲಕ್ಷದ ತನಕ 80%. ನೋಂದಣಿ, ಸ್ಟ್ಯಾಂಪ್ ಖರ್ಚನ್ನು ಬೇರೆಯಾಗಿ ಎತ್ತಿಡಿ.

ನಿಜವಾದ ತಲೆನೋವು ಮನೆಯ ಕಾಗದಪತ್ರ. ಹೊಸಬರಿಗೆ ಇಲ್ಲಿನ ಲೇಔಟ್‌ಗಳ ಹಿನ್ನೆಲೆ ಗೊತ್ತಿರುವುದಿಲ್ಲ. ನವನಗರದ ಕಡೆ ನಾನು ಒಂದು ಮನೆ ಮೆಚ್ಚಿ, ಮುಂಗಡ ಕೊಡಲು ಚೆಕ್ ಬರೆದೂ ಆಗಿತ್ತು. ಅಷ್ಟರಲ್ಲಿ ಇಸಿ (ಆಸ್ತಿಯ ಮೇಲಿನ ಸಾಲ, ಅಡಮಾನ ತೋರಿಸುವ ಋಣಭಾರ ಪತ್ರ) ಕೈಗೆ ಬಂತು, ನೋಡಿದರೆ ಹಳೆಯ ಅಡಮಾನ ಇನ್ನೂ ತೀರಿರಲಿಲ್ಲ! ಅದಕ್ಕೇ ಹೇಳ್ತೀನಿ, ಇಸಿ, ಎನ್‌ಎ ಆದೇಶ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಲೇಔಟ್‌ಗೆ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ, ಪಾಲಿಕೆಯ ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಎಲ್ಲವನ್ನೂ ಒಬ್ಬ ವಕೀಲರಿಗೆ ತೋರಿಸಿ, ಆಮೇಲೆ ಮುಂಗಡ ಕೊಡಿ.