ಹಳೆ ಪಿಕಪ್‌ಗೆ ಜೋರು ದನಿಯ ಜೋಡಿ ಎಕ್ಸಾಸ್ಟ್: ಸೀಟಿನಲ್ಲಿ ಕೂತು ಆರಿಸಿ

ನನ್ನ ಪಿಕಪ್ 1972ರ ಶೆವ್ರೊಲೆ ಸಿ-10. ಒಳಗಿರುವುದು 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ-8 ಎಂಜಿನ್, ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸಿಲಿಂಡರ್. ಮೊದಲ ಸಲ ಜೋಡಿ ಎಕ್ಸಾಸ್ಟ್, ಅಂದರೆ ಎಂಜಿನ್‌ನ ಹೊಗೆ ಹೊರಹಾಕುವ ಎರಡು ಪೈಪ್‌ಗಳನ್ನು, ಆರಿಸುವಾಗ ನಾನು ಇಂಥದ್ದೇ ಇನ್ನೊಂದು ಗಾಡಿಯ ಹಿಂದೆ ನಿಂತು, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಅದರ ಸದ್ದು ಕೇಳಿದೆ. ಎದೆಗೇ ತಾಗುವಂಥ ಗುಡುಗುಡು. ಅದೇ ಬೇಕು ಅಂತ ಎರಡು ಗಿಡ್ಡ ಗ್ಲಾಸ್‌ಪ್ಯಾಕ್ ಸೈಲೆನ್ಸರ್ ಹಾಕಿಸಿ, ಪೈಪನ್ನು ಹಿಂದಿನ ಚಕ್ರಕ್ಕಿಂತ ಮುಂಚೆಯೇ ಮುಗಿಸಿದೆ. ಊರೊಳಗೆ ಓಡಿಸುವಾಗ ಖುಷಿಯೋ ಖುಷಿ. ಆಮೇಲೆ ಹೆದ್ದಾರಿಗೆ ಹೋದೆವು. ಗಂಟೆಗೆ 80 ಕಿಲೋಮೀಟರ್ ವೇಗ, ಎಂಜಿನ್ 1,900 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಕ್ಯಾಬಿನ್ ತುಂಬ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಒಂದು ಗಂಟೆಯಾಗುವಷ್ಟರಲ್ಲಿ ನನ್ನ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ನನ್ನ ತಲೆಯೂ ಸಿಡಿಯುತ್ತಿತ್ತು.

ಎರಡನೇ ಸಲ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಮಾಡಿಸಿದೆ. ಈಗಲೂ ಗಾಡಿ ಜೋರಾಗಿಯೇ ಗುಡುಗುತ್ತದೆ, ಆದರೆ ಇಡೀ ದಿನ ಓಡಿಸಬಹುದು. ನಿಮಗೆ ಎರಡು ಸಲ ಮಾಡಿಸುವ ಕಷ್ಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಸೈಲೆನ್ಸರ್ ನೋಡುವ ಮುಂಚೆ ಒಂದು ಅಂಕಿ ಬರೆದಿಟ್ಟುಕೊಳ್ಳಿ: ನೀವು ಜಾಸ್ತಿ ಓಡಿಸುವ ವೇಗದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತದೆ? ಹಳೆ ಪಿಕಪ್‌ಗಳಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಇಲ್ಲದಿರುವುದೇ ಹೆಚ್ಚು. ಟ್ಯೂನಿಂಗ್‌ಗೆ ಬಳಸುವ ಮೀಟರ್ ಒಂದನ್ನು ಇಗ್ನಿಷನ್ ಕಾಯಿಲ್‌ಗೆ ಜೋಡಿಸಿ, ಒಂದು ಸುತ್ತು ಓಡಿಸಿ ಬಂದರೆ ಸಾಕು. ವಿ-8ರಲ್ಲಿ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡ) ಪ್ರತಿ ಸುತ್ತಿಗೆ ನಾಲ್ಕು ಸಿಲಿಂಡರ್ ಉರಿಯುತ್ತವೆ. 1,900 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 127 ಸಲ. ಕಿವಿಯನ್ನು ಒತ್ತುವ ಗುಂಯ್ ಸದ್ದು ಇಲ್ಲಿ ಹುಟ್ಟುತ್ತದೆ. ಬೇರೆಯವರ ಗಾಡಿಯ ಸದ್ದು ಇಷ್ಟವಾದರೆ, ದಯವಿಟ್ಟು ಒಳಗೆ ಕೂತು, ಕಿಟಕಿ ಏರಿಸಿ, ಅದೇ ಆರ್‌ಪಿಎಂನಲ್ಲಿ ಹತ್ತು ನಿಮಿಷ ಕೇಳಿ. ಹೊರಗೆ ನಿಂತು ಕೇಳುವ ಸದ್ದು ದಾರಿಹೋಕರಿಗೆ. ನೀವು ಬದುಕುವುದು ಒಳಗಿನ ಸದ್ದಿನ ಜೊತೆ.

ಇನ್ನು ಎಂಜಿನ್. ಶೆವ್ರೊಲೆಯ ‘ಸ್ಮಾಲ್ ಬ್ಲಾಕ್’ ಅನ್ನುವ ಈ ವಿ-8ರಲ್ಲಿ ಸಿಲಿಂಡರ್‌ಗಳು ಉರಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಗಳು ಎಡ ಸಾಲು, ಸಮ ಸಂಖ್ಯೆಗಳು ಬಲ ಸಾಲು. ಸರಿಯಾಗಿ ನೋಡಿ: 8 ಮತ್ತು 4 ಬಲ ಸಾಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ, 5 ಮತ್ತು 7 ಎಡ ಸಾಲಿನಲ್ಲಿ. ಹಾಗಾಗಿ ಒಂದೊಂದು ಪೈಪಿನೊಳಗೆ ಹೊಡೆತಗಳು ಸಮ ಅಂತರದಲ್ಲಿ ಬರುವುದಿಲ್ಲ. ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಒಮ್ಮೆ 90 ಡಿಗ್ರಿಗೆ, ಒಮ್ಮೆ 180ಕ್ಕೆ, ಒಮ್ಮೆ 270ಕ್ಕೆ. ನಮಗೆ ಅಷ್ಟು ಹಿಡಿಸುವ ಆ ಗುಡುಗುಡು ಈ ಏರುಪೇರಿನದೇ. ಎರಡು ಸಾಲಿಗೂ ಬೇರೆ ಬೇರೆ ಪೈಪ್ ಕೊಟ್ಟರೆ ಅದು ಚೆನ್ನಾಗಿ ಕೇಳುತ್ತದೆ. ಎರಡನ್ನೂ ಒಂದೇ ಸೈಲೆನ್ಸರ್‌ಗೆ ಸೇರಿಸಿ, ಕೊನೆಯಲ್ಲಿ ಮಾತ್ರ ಎರಡು ಬಾಯಿ ತೆಗೆದರೆ ನೋಡೋಕೆ ಜೋಡಿ, ಅಷ್ಟೇ.

ನಿಮ್ಮದು ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ ಆದರೆ ಲೆಕ್ಕ ಬೇರೆ. ಅಲ್ಲಿನ ಕ್ರಮ 1-5-3-6-2-4. ಮುಂದಿನ ಮೂರಕ್ಕೆ ಒಂದು ಪೈಪ್, ಹಿಂದಿನ ಮೂರಕ್ಕೆ ಒಂದು ಪೈಪ್ ಕೊಟ್ಟರೆ ಎರಡರಲ್ಲೂ ಹೊಡೆತಗಳು ಸಮ ಅಂತರದಲ್ಲಿ ಸರದಿಯಂತೆ ಬರುತ್ತವೆ. ಗುಡುಗು ಸಿಗಲ್ಲ, ಆದರೆ ಕೇಳಲು ಬಹಳ ಚಂದದ ಒರಟು ದನಿ ಸಿಗುತ್ತದೆ. ಅದನ್ನು ವಿ-8ರಂತೆ ಮಾಡಲು ಹೋಗಬೇಡಿ.

ವಿ-8ರ ಎರಡು ಪೈಪ್‌ಗಳ ನಡುವೆ ಒಂದು ಸೇತುವೆ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇತುವೆಯೇ ಇಲ್ಲದಿದ್ದರೆ ಸದ್ದು ಒರಟು, ಪಟಪಟ ಜಾಸ್ತಿ. ಎಚ್ ಅಕ್ಷರದಂತೆ ಅಡ್ಡ ಪೈಪ್ ಹಾಕಿದರೆ ಗುಡುಗು ಉಳಿಯುತ್ತದೆ, ಮೊನಚು ಹೋಗುತ್ತದೆ. ಎಕ್ಸ್ ಆಕಾರದಲ್ಲಿ ಸೇರಿಸಿದರೆ ಎರಡು ಸಾಲಿನ ಹೊಡೆತಗಳು ಚೆನ್ನಾಗಿ ಬೆರೆತು ದನಿ ಮೇಲೇರುತ್ತದೆ, ರೇಸ್ ಕಾರಿನ ಹಾಗೆ. ಹಳೆ ಪಿಕಪ್‌ಗೆ ಎಚ್ ಪೈಪೇ ಒಪ್ಪುವುದು. ನಾನು ಎರಡನೇ ಸಲ ಹಾಕಿಸಿದ್ದು ಅದನ್ನೇ.

ಸೈಲೆನ್ಸರ್‌ಗೆ ಬರೋಣ. ಗ್ಲಾಸ್‌ಪ್ಯಾಕ್ ಅಂದರೆ ತೂತುಗಳಿರುವ ನೇರ ಕೊಳವೆ, ಅದರ ಸುತ್ತ ಗಾಜಿನ ನಾರು. ಹಳೆ ಗಾಡಿಗೆ ತಕ್ಕ ದನಿ, ಖರ್ಚೂ ಕಡಿಮೆ. ಆದರೆ ಶಾಖಕ್ಕೆ ಆ ನಾರು ಸುಟ್ಟು, ಪುಡಿಯಾಗಿ, ಹೊರಗೆ ಹಾರಿಹೋಗುತ್ತಾ ಇರುತ್ತದೆ. ದಿನ ಕಳೆದಂತೆ ಸದ್ದು ಏರುತ್ತದೆ. ಅಂಗಡಿಯಲ್ಲಿ ಕೇಳಿದಾಗಲೇ ‘ಇದು ನನಗೆ ಮಿತಿ’ ಅನ್ನಿಸಿದರೆ ಅದು ಬೇಡ. ಬೇಕೇ ಬೇಕು ಅನ್ನುವವರು ಆದಷ್ಟು ಉದ್ದದ್ದು ಆರಿಸಿ. ಉದ್ದ ಹೆಚ್ಚಿದಷ್ಟೂ ಸದ್ದು ಮೆತ್ತಗಾಗುತ್ತದೆ.

ಚೇಂಬರ್ ಸೈಲೆನ್ಸರ್‌ನಲ್ಲಿ ನಾರು ಇರುವುದಿಲ್ಲ. ಒಳಗೆ ಉಕ್ಕಿನ ತಗಡುಗಳ ಗೋಡೆ. ಸದ್ದಿನ ಅಲೆಗಳು ಅವಕ್ಕೆ ಬಡಿದು, ಒಂದಕ್ಕೊಂದು ತಾಗಿ ಕಡಿಮೆಯಾಗುತ್ತವೆ. ಫ್ಲೋಮಾಸ್ಟರ್ ಕಂಪನಿ ಹೆಸರು ಮಾಡಿದ್ದು ಈ ಬಗೆಯಿಂದಲೇ. ನಾರಿಲ್ಲದ ಕಾರಣ ವರ್ಷಗಳಾದರೂ ದನಿ ಹೆಚ್ಚು ಬದಲಾಗುವುದಿಲ್ಲ. ಐಡಲ್‌ನಲ್ಲಿ ಗಡುಸು, ಆಕ್ಸಿಲರೇಟರ್ ಒತ್ತಿದರೆ ಗರ್ಜನೆ. ಒಂದೇ ಚೇಂಬರ್‌ನದ್ದು ಬಹಳ ಜೋರು, ಕ್ಯಾಬಿನ್ ಒಳಗೂ ಗುಂಯ್‌ಗುಡುತ್ತದೆ. ಎರಡು ಅಥವಾ ಮೂರು ಚೇಂಬರ್‌ನದ್ದು ಸಾಕು. ನನ್ನ ಗಾಡಿಯಲ್ಲಿ ಈಗ ಇರುವುದು ಎರಡು ಚೇಂಬರ್‌ನದ್ದು.

ಟರ್ಬೊ ಸೈಲೆನ್ಸರ್ ಅಂತ ಇನ್ನೊಂದಿದೆ. ಟರ್ಬೊ ಇದ್ದ ಶೆವ್ರೊಲೆ ಕಾರ್ವೇರ್ ಕಾರಿನಿಂದ ಆ ಹೆಸರು ಬಂತು. ಹೊಗೆ ಎಸ್ ಆಕಾರದಲ್ಲಿ ಸುತ್ತಿ ಬರುತ್ತದೆ. ಮೆತ್ತಗಿನ ದನಿ. ದಿನವೂ ದೂರ ಓಡಿಸುವವರಿಗೆ ಒಳ್ಳೆಯದು, ಜೋರು ಬೇಕೆನ್ನುವವರಿಗೆ ಸಾಲದು.

ಪೈಪಿನ ಅಳತೆಯಲ್ಲಿ ಆಸೆಪಡಬೇಡಿ. 2.25 ಇಂಚಿನ ಎರಡು ಪೈಪ್‌ಗಳ ಒಟ್ಟು ಬಾಯಿ 3 ಇಂಚಿನ ಒಂದೇ ಪೈಪಿಗಿಂತ ದೊಡ್ಡದು. ಕಂಪನಿಯಿಂದ ಬಂದ ಹಾಗೇ ಇರುವ 5ರಿಂದ 5.7 ಲೀಟರ್ ಎಂಜಿನ್‌ಗೆ ಅಷ್ಟು ಧಾರಾಳ. ಕ್ಯಾಮ್ (ವಾಲ್ವ್ ತೆರೆಯುವ ದಂಡ), ಕಾರ್ಬ್ಯುರೇಟರ್, ಹೆಡರ್ (ಎಂಜಿನ್‌ಗೆ ತಾಗಿಕೊಂಡ ಮೊದಲ ಹೊಗೆ ಕೊಳವೆಗಳು) ಎಲ್ಲ ಬದಲಾಯಿಸಿದ್ದರೆ 2.5 ಇಂಚು. ಅದಕ್ಕಿಂತ ದಪ್ಪ ಹಾಕಿದರೆ ಹೊಗೆಯ ಓಟ ನಿಧಾನವಾಗಿ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಡಿಲವಾಗಬಹುದು. ಭಾರ ಹೊರುವ ಗಾಡಿಗೆ ಬೇಕಾದದ್ದು ಆ ಎಳೆತವೇ ಅಲ್ವಾ? ಬೆಂಡ್‌ಗಳನ್ನು ಮಾತ್ರ ಒಳಗೆ ಅಚ್ಚು ಇಟ್ಟು ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡ್‌ಗಳೇ ಆಗಲಿ. ಸುಮ್ನೆ ಒತ್ತಿ ಬಗ್ಗಿಸಿದರೆ ಪ್ರತಿ ತಿರುವಿನಲ್ಲೂ ಪೈಪ್ ಚಪ್ಪಟೆಯಾಗುತ್ತದೆ.

ಈಗ ನಾನು ತುಂಬ ಕಾಳಜಿಯಿಂದ ಹೇಳುವ ಮಾತು. ಪೈಪನ್ನು ಗಾಡಿಯ ಹೊಟ್ಟೆಯ ಕೆಳಗೆ ಮುಗಿಸಬೇಡಿ. ಹಿಂದಿನ ಲೋಡ್ ತೊಟ್ಟಿ ದೊಡ್ಡದೊಂದು ತಗಡಿನ ಡೋಲು. ಅದರ ಕೆಳಗೆ ಪೈಪ್ ಬಾಯಿ ಬಿಟ್ಟರೆ ಸದ್ದೆಲ್ಲ ಅದಕ್ಕೆ ಬಡಿದು ಕ್ಯಾಬಿನ್‌ಗೆ ಬರುತ್ತದೆ. ಅದು ಸಹಿಸಬಹುದಾದ ತೊಂದರೆ. ಸಹಿಸಲಾಗದ್ದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆ ಪಿಕಪ್‌ನ ನೆಲದಲ್ಲಿ ತುಕ್ಕಿನ ತೂತುಗಳಿರುತ್ತವೆ, ಗೇರ್ ಲಿವರ್ ಕೆಳಗಿನ ರಬ್ಬರ್ ಹರಿದಿರುತ್ತದೆ, ಹಿಂದಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಆ ಮೊದಲ ಪ್ರಯಾಣದ ತಲೆನೋವು ಬರೀ ಸದ್ದಿನದು ಅಂತ ನಾನು ತಿಳಿದಿದ್ದೆ. ಆಮೇಲೆ ಕ್ಯಾಬಿನ್‌ನಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಟ್ಟು ಓಡಿಸಿದೆ. ಅದು ಕೂಗಿತು. ಅವತ್ತೇ ಗಾಡಿ ನಿಲ್ಲಿಸಿದೆ. ನೆಲದ ತೂತುಗಳಿಗೆ ತಗಡು ಬೆಸೆದು, ರಬ್ಬರ್ ಹೊಸದು ಹಾಕಿ, ಪೈಪನ್ನು ಆಕ್ಸಲ್ ಮೇಲಿಂದ ದಾಟಿಸಿ ಹಿಂದಿನ ಬಂಪರ್‌ನ ಅಂಚು ದಾಟುವವರೆಗೂ ಒಯ್ದೆ. ಅಲಾರಂ ಈಗಲೂ ಕ್ಯಾಬಿನ್‌ನಲ್ಲಿದೆ.

ಪೈಪ್ ಹೋಗುವ ದಾರಿಯನ್ನು ಮಲಗಿಕೊಂಡು ನೋಡಿ. ನನ್ನ ಗಾಡಿಯ ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ಕ್ಯಾಬಿನ್ ಒಳಗೇ ಇದೆ. ಹಾಗಾಗಿ ಕೆಳಗೆ ಜಾಗ ಸಿಕ್ಕಿತು. 1973ರ ನಂತರದ ಶೆವ್ರೊಲೆ ಪಿಕಪ್‌ಗಳಲ್ಲಿ ಟ್ಯಾಂಕ್ ಚಾಸಿಯ ಪಕ್ಕಕ್ಕೆ ಬಂತು, ಅಲ್ಲಿ ಶಾಖ ತಡೆಯುವ ತಗಡು ಬೇಕೇ ಬೇಕು. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್, ಸ್ಟಾರ್ಟರ್ ವೈರ್, ಸ್ಟೆಪ್ನಿ, ಎಲ್ಲದರಿಂದಲೂ ಎಕ್ಸಾಸ್ಟ್ ಪೈಪ್ ದೂರ ಇರಬೇಕು. ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿಯಲ್ಲಿ ಒಂದೇ ಕಡೆ ಪೈಪಿಗೆ ಜಾಗವಿದ್ದರೆ, ಎರಡೂ ಕಡೆ ಜಾಗವಿರುವ ಪಟ್ಟಿ ಹಾಕಿಸಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದು ಬಂದ ಗಾಡಿಯಾದರೆ ಅದನ್ನು ಕಿತ್ತುಹಾಕಬೇಡಿ. ಸದ್ದಿನ ಮಿತಿ ಎಷ್ಟು ಅನ್ನುವುದನ್ನು ನಿಮ್ಮ ಕಡೆಯ ಕಾನೂನಿನಲ್ಲಿ ಮೊದಲೇ ನೋಡಿಕೊಳ್ಳಿ.

ಲೋಹದ ವಿಷಯ ಬೇಗ ಮುಗಿಸುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಗಿಡ್ಡ ಓಡಾಟದಲ್ಲಿ ಅದು ಆವಿಯಾಗದೆ ಸೈಲೆನ್ಸರ್‌ನಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹತ್ತಿರದಲ್ಲೇ ಓಡಿಸುವವರು ಸ್ಟೇನ್‌ಲೆಸ್ ಹಾಕಿಸಿ, ದೂರ ಓಡಿಸುವವರಿಗೆ ಅಲ್ಯೂಮಿನಿಯಂ ಲೇಪದ ಉಕ್ಕು ಸಾಕು.

ಇಷ್ಟಾದರೂ ಗುಂಯ್ ಉಳಿದರೆ ಅದಕ್ಕೂ ದಾರಿಯಿದೆ. ಪೈಪಿಗೆ ಪಕ್ಕದಲ್ಲಿ ಒಂದು ಕೊಂಬೆ ಬೆಸೆದು ಅದರ ಕೊನೆಯನ್ನು ಮುಚ್ಚಿಸಿ. ಹೊಗೆ ಅದರಲ್ಲಿ ಹರಿಯುವುದಿಲ್ಲ. ಸದ್ದಿನ ಅಲೆ ಮಾತ್ರ ಒಳಹೋಗಿ, ಬಡಿದು, ತಿರುಗಿ ಬಂದು ತನ್ನನ್ನೇ ಅಳಿಸಿಕೊಳ್ಳುತ್ತದೆ. ಕೊಂಬೆಯ ಉದ್ದ ಆ ಸದ್ದಿನ ಅಲೆಯ ಕಾಲು ಭಾಗ ಇರಬೇಕು. 200 ಡಿಗ್ರಿ ಸೆಲ್ಸಿಯಸ್ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 436 ಮೀಟರ್ ಓಡುತ್ತದೆ. ನನ್ನ 127 ಹರ್ಟ್ಜ್‌ಗೆ (ಸೆಕೆಂಡಿಗೆ 127 ಸಲ) ಲೆಕ್ಕ ಹಾಕಿದರೆ ಸುಮಾರು 86 ಸೆಂಟಿಮೀಟರ್. ಮೊದಲೇ ಬರೆದಿಟ್ಟ ಆರ್‌ಪಿಎಂ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಶಾಖ ಜಾಗಕ್ಕೊಂದು ಇರುವುದರಿಂದ ಸ್ವಲ್ಪ ಉದ್ದ ಇಟ್ಟು, ಓಡಿಸಿ ನೋಡಿ, ಆಮೇಲೆ ಕತ್ತರಿಸಿ.

ಕೂರಿಸುವಾಗ ಎಲ್ಲ ಕಡೆ ರಬ್ಬರ್ ಹ್ಯಾಂಗರ್ ಹಾಕಿ. 3 ಮೀಟರ್ ಉಕ್ಕಿನ ಪೈಪ್ 300 ಡಿಗ್ರಿ ಬಿಸಿಯೇರಿದರೆ ಸುಮಾರು 1 ಸೆಂಟಿಮೀಟರ್ ಉದ್ದವಾಗುತ್ತದೆ, ಕೆಲವು ಬಗೆಯ ಸ್ಟೇನ್‌ಲೆಸ್ ಇನ್ನೂ ಜಾಸ್ತಿ. ಹಿಗ್ಗಲು ಜಾಗ ಬಿಡದಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಮೊದಲ ದಿನ 50 ಕಿಲೋಮೀಟರ್ ಓಡಿಸಿ, ಗಾಡಿ ಪೂರ್ತಿ ಆರಿದ ಮೇಲೆ ಹೆಡರ್ ಬೋಲ್ಟ್‌ಗಳನ್ನೂ ಕ್ಲ್ಯಾಂಪ್‌ಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಅಂತ ಕೇಳಿ, ಬಿಸಿಯಾದಂತೆ ನಿಂತುಹೋದರೆ ಎಂಜಿನ್ ಮತ್ತು ಹೆಡರ್ ನಡುವಿನ ಗ್ಯಾಸ್ಕೆಟ್ ಹತ್ತಿರ ಸೋರಿಕೆ ಇದೆ. ಅದನ್ನು ಅವತ್ತೇ ಸರಿಮಾಡಿಸಿ.