ಜಾಕ್ ಏರಿಸುವ ಮುಂಚಿನ ಅರ್ಧ ಗಂಟೆ

ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ನಮ್ಮ ಆಲ್ಟೊ ಕಾರಿನ ಅಡಿಭಾಗ ನೋಡುವುದು ನನ್ನ ಕೆಲಸ. ತೀರ್ಥಹಳ್ಳಿ ಕಡೆಯ ಮಣ್ಣುರಸ್ತೆಯಲ್ಲಿ ಓಡುವ ಗಾಡಿ, ಕೆಸರು ಮೆತ್ತಿಕೊಂಡು ತುಕ್ಕು ಬೇಗ ಹಿಡಿಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಡ್ರೈವ್ ಶಾಫ್ಟಿನ ಗಂಟಿಗೆ ಹಾಕಿದ ರಬ್ಬರ್ ಚೀಲ, ಅಂದರೆ ಬೂಟು, ಸೀಳಿದ್ದರಂತೂ ಗ್ರೀಸ್ ಹೊರಗೆ, ನೀರು ಮರಳು ಒಳಗೆ. ಆಮೇಲೆ ತಿರುವಿನಲ್ಲೆಲ್ಲ ಟಕ್ ಟಕ್ ಸದ್ದು. ಮೊದಲೇ ಕಂಡರೆ ಬೂಟಿನ ಖರ್ಚಲ್ಲೇ ಮುಗಿಯುತ್ತದೆ.

ಮೊದಲ ವರ್ಷ ನಾನು ಮಾಡಿದ್ದು ಶುದ್ಧ ಪೆದ್ದುತನ. ನಮ್ಮ ಅಂಗಳ ಮಳೆನೀರು ಹರಿಯಲಿ ಅಂತ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಅಲ್ಲೇ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಡಿಕ್ಕಿಯಲ್ಲಿದ್ದ ಜಾಕ್ ತೆಗೆದು ಹಿಂದಿನ ಎಡ ಚಕ್ರ ಎತ್ತಿದೆ. ಗೇರು ಹಾಕಿರಲಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಅದರಲ್ಲಿ ಒಂದು ಗಾಳಿಯಲ್ಲಿ, ಇನ್ನೊಂದು ಸಡಿಲ ಮಣ್ಣಿನ ಮೇಲೆ. ನಟ್ ಬಿಚ್ಚಲು ಸ್ಪ್ಯಾನರ್ ಮೇಲೆ ಭಾರ ಹಾಕಿದೆ ನೋಡಿ, ಕಾರು ಒಂದು ಗೇಣು ಜಾರಿತು, ಜಾಕ್ ವಾಲಿತು, ದಡ್ ಅಂತ ಚಕ್ರ ನೆಲಕ್ಕೆ. ಪುಣ್ಯಕ್ಕೆ ಚಕ್ರ ಇನ್ನೂ ಕಾರಿನಲ್ಲೇ ಇತ್ತು. ಬಾಗಿಲ ಕೆಳಗಿನ ತಗಡಿನ ಅಂಚು ಬಗ್ಗಿತು, ಅಷ್ಟೇ. ಜಗಲಿಯಿಂದ ಓಡಿಬಂದ ಅಮ್ಮ ಕಾರಿನ ಕಡೆ ನೋಡಲೂ ಇಲ್ಲ. "ಎರಡೂ ಕೈ ತೋರಿಸು" ಅಂದಳು.

ಈಗ ಈ ಕೆಲಸ ಅಡಿಕೆ ಒಣಗಿಸುವ ಸಿಮೆಂಟ್ ಕಣದಲ್ಲಿ. ಮೇ ಹೊತ್ತಿಗೆ ಅದು ಖಾಲಿ ಇರುತ್ತದೆ. ಒಂದು ಗೋಟು ಅಡಿಕೆ ಇಟ್ಟು ನೋಡುತ್ತೇನೆ, ಉರುಳಿದರೆ ಜಾಗ ಬದಲು. ಗಟ್ಟಿ ನೆಲ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಟ್ರಾಲಿ ಜಾಕಿನ ತೋಳು ನೆಟ್ಟಗೆ ಏರುವುದಿಲ್ಲ, ಕಮಾನಿನಂತೆ ಬಾಗಿ ಏರುತ್ತದೆ. ಅದಕ್ಕೆ ತಕ್ಕಂತೆ ಜಾಕಿನ ಗಾಲಿಗಳು ಉರುಳಬೇಕು. ಮಣ್ಣಿನಲ್ಲಿ ಗಾಲಿ ಹೂತರೆ ಜಾಕ್ ಕಾರನ್ನೇ ಎಳೆಯುತ್ತದೆ, ಇಲ್ಲವೇ ಹಿಡಿದ ಜಾಗದಿಂದ ಜಾರುತ್ತದೆ.

ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಆಪು ಕೊಡುತ್ತೇನೆ, ಸಾಮಿಲ್ಲಿನಲ್ಲಿ ಕೊಯ್ಸಿ ತಂದದ್ದು. ಹಿಂಭಾಗ ಎತ್ತುವಾಗ ಹ್ಯಾಂಡ್ ಬ್ರೇಕ್ ನಂಬುವಂತಿಲ್ಲ, ಮುಂದಿನ ಚಕ್ರಗಳನ್ನು ಹಿಡಿದಿಡಲು ಮೊದಲ ಗೇರು ಬೇಕೇ ಬೇಕು. ಮುಂದಿನ ಒಂದು ಚಕ್ರ ಎತ್ತುವಾಗ ಉಲ್ಟಾ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಸುಮ್ನೆ ತಿರುಗುತ್ತಾ, ನೆಲದ ಮೇಲಿನ ಜೊತೆ ಚಕ್ರವನ್ನೂ ಉರುಳಲು ಬಿಡುತ್ತದೆ. ಆಗ ಹಿಡಿಯುವುದು ಹ್ಯಾಂಡ್ ಬ್ರೇಕ್ ಮತ್ತು ಆಪು. ಚಕ್ರ ಕಳಚುವುದಿದ್ದರೆ ನಟ್‌ಗಳನ್ನು ನೆಲದಲ್ಲಿದ್ದಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳುತ್ತೇನೆ.

ಜಾಕ್ ಎಲ್ಲಿಗೆ ಕೊಡಬೇಕು ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಎಂಜಿನ್ ಅಡಿಯ ಎಣ್ಣೆ ತಟ್ಟೆಗೆ, ಅಂದರೆ ಆಯಿಲ್ ಸಂಪ್‌ಗೆ, ಮಾತ್ರ ಕೊಡಬೇಡಿ. ಎತ್ತಿದ ಮೇಲೆ ಎರಡೂ ಬದಿ ಕಾರಿನ ಭಾರ ಹೊರುವ ಸ್ಟ್ಯಾಂಡ್. ನನ್ನ ಹಳೆಯ ಹೈಡ್ರಾಲಿಕ್ ಜಾಕಿನಿಂದ ಒಮ್ಮೆ ಸಂಜೆ ಕಾರನ್ನು ಎತ್ತಿ, ಸ್ಟ್ಯಾಂಡ್ ಸ್ವಲ್ಪ ಕೆಳಗಿಟ್ಟು ಹಾಗೇ ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಕಾರು ಹೆಬ್ಬೆರಳಿನಷ್ಟು ಇಳಿದಿತ್ತು. ಒಳಗಿನ ಸೀಲ್ ಸೋರುತ್ತಿತ್ತು, ಹೊರಗೆ ಒಂದು ತೊಟ್ಟು ಎಣ್ಣೆಯೂ ಕಾಣಲಿಲ್ಲ.

ಪಕ್ಕದ ಮನೆ ಮಾವನಿಗೆ ನನ್ನ ಸ್ಟ್ಯಾಂಡ್ ಕಂಡರೆ ನಗು. "ಮನೆ ಕಟ್ಟಿ ಉಳಿದ ಸಿಮೆಂಟ್ ಬ್ಲಾಕ್ ಇದೆಯಲ್ಲೋ, ದುಡ್ಡು ಯಾಕೆ ದಂಡ?" ಬ್ಲಾಕ್ ಗೋಡೆ ಹೊರುತ್ತದೆ ನಿಜ ಮಾವ, ಅಲ್ಲಿ ಭಾರ ಪೂರ್ತಿ ಮೈಗೆ ಹಂಚಿ ಬೀಳುತ್ತದೆ. ಕಾರಿನದು ಒಂದು ತಗಡಿನ ಅಂಚಿನ ಮೇಲೆ. ಮರವಾದರೆ ಸೀಳುವ ಮುಂಚೆ ಕಿರ್ ಅನ್ನಬಹುದು, ಬ್ಲಾಕ್ ಮಾತಿಲ್ಲದೆ ಪುಡಿಯಾಗುತ್ತದೆ.

ಕೆಳಗೆ ತೂರುವ ಮುಂಚೆ ಬದಿಯಿಂದ ಅಂಗೈ ಊರಿ ಕಾರನ್ನು ಜೋರಾಗಿ ಅಲುಗಿಸುತ್ತೇನೆ. ಬೀಳುವುದಿದ್ದರೆ ಈಗಲೇ ಬೀಳಲಿ. ಜಾಕನ್ನು ತೆಗೆಯುವುದಿಲ್ಲ, ತಾಗಿಸಿಯೇ ಇಡುತ್ತೇನೆ. ಸ್ಟೆಪ್ನಿಯನ್ನು ಅಡಿಗೆ ಮಲಗಿಸುತ್ತೇನೆ. ಕಾರಿನ ಕೀ ನನ್ನ ಜೇಬಿನಲ್ಲಿ, ಮಕ್ಕಳು ಮನೆಯೊಳಗೆ. ಸೈಲೆನ್ಸರ್ ತಣ್ಣಗಾಗಲಿ ಅಂತ ಕಾಯುವಾಗ ಒಂದು ಕಾಫಿ. ಇಷ್ಟಕ್ಕೆಲ್ಲ ಅರ್ಧ ಗಂಟೆ ಹೋಗುತ್ತದೆ. ಕೆಳಗೆ ಟಾರ್ಚ್ ಹಿಡಿದು ನೋಡುವುದು ಹತ್ತೇ ನಿಮಿಷ.

ಇಳಿಸುವಾಗ ಜಾಕ್ ಸ್ವಲ್ಪ ಏರಿಸಿ, ಸ್ಟ್ಯಾಂಡ್ ಎಳೆದು, ಬಗ್ಗಿ ಇನ್ನೊಮ್ಮೆ ನೋಡುತ್ತೇನೆ. ಹೋದ ವರ್ಷ ಸ್ಪ್ಯಾನರ್ ಟ್ರೇ ಕೆಳಗೇ ಇತ್ತು. ಜಾಕಿನ ವಾಲ್ವನ್ನು ಚೂರು ಚೂರೇ ತಿರುಗಿಸಬೇಕು, ಒಮ್ಮೆಲೇ ಬಿಟ್ಟರೆ ಕಾರು ಧೊಪ್ಪನೆ ಕೂರುತ್ತದೆ.

ಈ ಸಲ ಬಲಗಡೆಯ ಬೂಟಿನಲ್ಲಿ ಬಿರುಕು ಕಂಡಿತು. ಬೂಟು ಬದಲಿಸುವುದು ನನ್ನ ಕೈಲಾಗುವ ಕೆಲಸವಲ್ಲ, ಪೇಟೆಯ ಮೆಕ್ಯಾನಿಕ್‌ಗೆ ಕೊಟ್ಟೆ. ಕಾರು ಲಿಫ್ಟಿನಲ್ಲಿ ಏರಿದಾಗ ಅವನು ಎಡಗಡೆ ಬೆರಳು ತೋರಿಸಿದ. "ಇಲ್ಲೇನು ಸಾರ್, ಅಂಚು ಬಗ್ಗಿದೆ?"

"ಅದು ಹಳೇದು ಮಾರಾಯ" ಅಂದೆ.