ವೀಡರ್ ಗೇರ್‌ಬಾಕ್ಸ್ ಸೀಳಿದರೆ ಮೊದಲು ಎಣ್ಣೆ ತೆಗೆಯಿರಿ, ಆಮೇಲೆ ಬೆಸುಗೆ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಈಗ ಹಿಪ್ಪುನೇರಳೆ ಸಾಲುಗಳ ನಡುವೆ ಪವರ್ ವೀಡರ್ (ಕಳೆ ತೆಗೆಯುವ ಯಂತ್ರ) ಓಡಿಸುವವರೇ ಜಾಸ್ತಿ. ನಮ್ಮ ನೆಲದಲ್ಲಿ ಕಲ್ಲಿಗೇನೂ ಬರವಿಲ್ಲ. ಬ್ಲೇಡು ಕಲ್ಲಿಗೋ ಹಳೇ ಗಿಡದ ಬುಡಕ್ಕೋ ಬಡಿದರೆ ಆ ಪೆಟ್ಟು ಶಾಫ್ಟ್ ಹಿಡಿದು ಸೀದಾ ಗೇರ್‌ಬಾಕ್ಸಿಗೆ ಹೋಗುತ್ತದೆ, ಅಲ್ಯೂಮಿನಿಯಂ ಕೇಸಿಂಗ್ ಸೀಳುತ್ತದೆ. ಆಮೇಲೆ ಹೆಚ್ಚಿನವರು ಮಾಡುವುದು ಒಂದೇ. ಬಟ್ಟೆಯಲ್ಲಿ ಒರೆಸಿ ಮೇಲೊಂದಿಷ್ಟು ಎಂ-ಸೀಲ್ ಮೆತ್ತುತ್ತಾರೆ. ಎಂ-ಸೀಲ್ ನೀರಿನ ಪೈಪಿಗೆ ಸರಿ, ಬಿಸಿ ಎಣ್ಣೆ ತುಂಬಿ ಅದುರುವ ಗೇರ್‌ಬಾಕ್ಸಿಗೆ ಅಲ್ಲ. ಕೆಲವೇ ದಿನಕ್ಕೆ ಅದು ಹಳೇ ಗೋಡೆಯ ಗಾರೆಯಂತೆ ಕಳಚಿಕೊಳ್ಳುತ್ತದೆ. ಗೊತ್ತಾಗುವಷ್ಟರಲ್ಲಿ ಎಣ್ಣೆ ಸೋರಿ ಒಳಗಿನ ಗೇರೂ ಹಾಳಾಗಿರುತ್ತದೆ.

ರಿಪೇರಿಗೆ ಕೈ ಹಾಕುವ ಮೊದಲು ಸೀಳು ಎಲ್ಲಿದೆ ನೋಡಿ. ಹೊರಗೋಡೆಯಲ್ಲೋ ಬೋಲ್ಟ್ ಕೂರುವ ಕಿವಿಯಲ್ಲೋ ಇದ್ದರೆ ಧೈರ್ಯವಾಗಿ ಮಾಡಬಹುದು. ಬೇರಿಂಗ್ ಕೂರುವ ಜಾಗಕ್ಕೆ ಹೋಗಿದ್ದರೆ ಹೊಸ ಕೇಸಿಂಗ್ ತನ್ನಿ. ಅಲ್ಲಿ ಕೂದಲೆಳೆ ಅಷ್ಟು ಜರುಗಿದರೂ ಗೇರಿನ ಹಲ್ಲು ಸರಿಯಾಗಿ ಕೂರದೆ ಒಂದನ್ನೊಂದು ತಿನ್ನುತ್ತವೆ.

ಎಣ್ಣೆ ಇಳಿಸಿ. ಗೇರು, ಬೇರಿಂಗ್, ಆಯಿಲ್ ಸೀಲ್ ಎಲ್ಲಾ ಬಿಚ್ಚಿ. ವಾಷರುಗಳು ಯಾವ ಕ್ರಮದಲ್ಲಿದ್ದವು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಈಗ ಸೀಳಿನ ತುದಿ ಹುಡುಕಬೇಕು. ಕಣ್ಣಿಗೆ ಕಾಣುವುದಕ್ಕಿಂತ ಅದು ಯಾವಾಗಲೂ ಉದ್ದ ಇರುತ್ತದೆ. ಹೊರಗಡೆ ಚಾಕ್‌ಪೀಸ್ ಪುಡಿಯನ್ನು ನೀರಲ್ಲಿ ಕಲಸಿ ಬಳಿದು ಒಣಗಿಸಿ, ಒಳಗಡೆಯಿಂದ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಬಿಳಿ ಚಾಕ್ ಮೇಲೆ ತೆಳ್ಳಗೆ ಒದ್ದೆ ಗೆರೆ ಮೂಡುತ್ತದೆ, ಅದೇ ಸೀಳು. ಎರಡೂ ತುದಿಯಲ್ಲಿ 3 ಮಿ.ಮೀ. ಡ್ರಿಲ್ ಹಾಕಿ, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ಆಮೇಲೆ ಸೀಳಿನುದ್ದಕ್ಕೂ ವಿ ಆಕಾರದ ಕಾಲುವೆ ತೆಗೆಯಿರಿ, ಗೋಡೆಯ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಆಳಕ್ಕೆ. ಇದಕ್ಕೆ ಕಾರ್ಬೈಡ್ ಬರ್ (ತಿರುಗುತ್ತಾ ಲೋಹ ಕೊರೆಯುವ ಹಲ್ಲಿನ ತುದಿ) ಬಳಸಿ. ಕಬ್ಬಿಣ ಉಜ್ಜುವ ಗ್ರೈಂಡಿಂಗ್ ಕಲ್ಲು ಬೇಡ. ಮೆತ್ತನೆಯ ಅಲ್ಯೂಮಿನಿಯಂ ಅದಕ್ಕೆ ಅಂಟಿ ಕಲ್ಲು ಕಟ್ಟಿಕೊಳ್ಳುತ್ತದೆ.

ಎಲ್ಲರೂ ಕೆಡಿಸಿಕೊಳ್ಳುವುದು ಇದರ ಮುಂದಿನ ಹಂತದಲ್ಲಿ. ಎರಕದ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಸೀಳಿನ ಸಂದಿಗೂ ರಂಧ್ರಗಳಿಗೂ ಗೇರ್ ಎಣ್ಣೆ ಇಳಿದು ಕೂತಿರುತ್ತದೆ. ಮೇಲೆ ಒರೆಸಿದರೆ ಮೇಲಿನದು ಮಾತ್ರ ಹೋಗುತ್ತದೆ. ಮೊದಲು ಡೀಸೆಲ್‌ನಲ್ಲಿ ತೊಳೆಯಿರಿ, ಆಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ. ನಂತರ ಬಯಲಲ್ಲಿಟ್ಟು ಗ್ಯಾಸ್ ಟಾರ್ಚ್ ಅಥವಾ ಹಾಟ್ ಏರ್ ಗನ್‌ನಿಂದ ನಿಧಾನಕ್ಕೆ ಬಿಸಿ ಮಾಡಿ. ಜ್ವಾಲೆ ಒಂದೇ ಕಡೆ ನಿಲ್ಲಬಾರದು. ಒಂದು ಹನಿ ನೀರು ಹಾಕಿದರೆ ಚುರ್ ಅಂತ ಆರಬೇಕು, ಅಷ್ಟು ಬಿಸಿ ಸಾಕು. ಆಗ ನೋಡಿ, ಒಣಗಿದೆ ಅಂದುಕೊಂಡ ಕಾಲುವೆಯಲ್ಲಿ ಕಂದು ಬಣ್ಣದ ಎಣ್ಣೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿ, ಪೂರ್ತಿ ತಣ್ಣಗಾಗಲು ಬಿಡಿ, ಅಸಿಟೋನ್ ಹಾಕಿ ಇನ್ನೊಂದು ಬಟ್ಟೆಯಲ್ಲಿ ಒರೆಸಿ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಬಿಸಿ ಲೋಹ ಅಥವಾ ಜ್ವಾಲೆಯ ಹತ್ತಿರ ಅದರ ಡಬ್ಬಿಯೂ ಇರಬಾರದು, ಒರೆಸಿದ ಬಟ್ಟೆಯೂ ಇರಬಾರದು. ಅದು ಪೂರ್ತಿ ಆರಿದ ಮೇಲೆ ಮತ್ತೆ ಬಿಸಿ, ಮತ್ತೆ ಒರೆಸು. ಬಟ್ಟೆ ಬಿಳಿಯಾಗೇ ಬರುವ ತನಕ ಇದನ್ನೇ ಮಾಡಬೇಕು, ಅರ್ಧ ದಿನ ಹಿಡಿದರೂ ಸರಿ. ಅವಸರ ಅಂತ ಪೆಟ್ರೋಲ್ ಬಳಸಬೇಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಅಂತೂ ಬೇಡವೇ ಬೇಡ. ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ, ಅದರ ಮೇಲೆ ವೆಲ್ಡಿಂಗ್ ಮಾಡಿದರೆ ವಿಷದ ಗಾಳಿ ಹುಟ್ಟುತ್ತದೆ.

ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಉಜ್ಜಿ. ಬ್ರಷ್ ಹೊಸದಾಗಿರಲಿ, ಕಬ್ಬಿಣಕ್ಕೆ ಬಳಸಿದ್ದು ಬೇಡ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕೂಡಲೇ ಬೆಳೆಯಲು ಶುರುವಾಗುತ್ತದೆ, ಆದ್ದರಿಂದ ಉಜ್ಜಿದ ಬೆನ್ನಲ್ಲೇ ಮುಂದಿನ ಕೆಲಸ ಆಗಬೇಕು.

ಎರಡು ದಾರಿ ಇವೆ. ಬೋಲ್ಟಿನ ಕಿವಿಯಂಥ ಭಾರ ಬೀಳುವ ಜಾಗಕ್ಕೆ ನನ್ನ ಓಟು ಟಿಗ್ ವೆಲ್ಡಿಂಗಿಗೇ, ಅಂದರೆ ಆರ್ಗಾನ್ ಗಾಳಿಯ ಮರೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ಬೆಸುಗೆಗೆ. ಗೇಟು, ಗ್ರಿಲ್ ಮಾಡುವ ಮಾಮೂಲಿ ಆರ್ಕ್ ಮಷೀನಿಗೆ ಕೊಡಬೇಡಿ. ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಗೆ, ಮೇಲಿನ ಆಕ್ಸೈಡ್ ಕರಗಲು 2000 ಡಿಗ್ರಿ ದಾಟಬೇಕು. ಪದರ ಒಡೆಯುವ ಮೊದಲೇ ಒಳಗಿನ ಲೋಹ ಜಾರಿ ತೂತಾಗುತ್ತದೆ. ಎಸಿ ಟಿಗ್‌ನಲ್ಲಿ ಕರೆಂಟ್ ದಿಕ್ಕು ಬದಲಾಗುತ್ತಾ ಆ ಪದರವನ್ನು ಕೀಳುತ್ತದೆ, ಆರ್ಗಾನ್ ಗಾಳಿ ಮತ್ತೆ ಬೆಳೆಯದಂತೆ ತಡೆಯುತ್ತದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ, ಇಲ್ಲವೇ ಪೀಣ್ಯಕ್ಕೆ ಹೋಗಿ. ಬೆಸುಗೆಗೆ ಕರಗಿಸಿ ತುಂಬುವ ಅಲ್ಯೂಮಿನಿಯಂ ಫಿಲ್ಲರ್ ಕಡ್ಡಿ 4043 ಅಥವಾ 4047 ನಂಬರಿನದು ಇದೆಯಾ ಅಂತ ಕೇಳಿ, ಕೇಸಿಂಗನ್ನು 150 ಡಿಗ್ರಿ ಹತ್ತಿರ ಬಿಸಿ ಮಾಡಿಕೊಂಡು ಹಾಕಲು ಹೇಳಿ. ಬಾಗದಂತೆ ದಪ್ಪ ಪ್ಲೇಟಿಗೆ ಬೋಲ್ಟ್ ಮಾಡಿರಬೇಕು. ಮುಗಿದ ಮೇಲೆ ನೀರು ಹಾಕದೆ ಒಣ ಮರಳಲ್ಲಿ ಮುಚ್ಚಿ ಆರಿಸಲಿ.

ಹೊರಗೋಡೆಯ ಸಣ್ಣ ಸೀಳಿಗೆ ಲೋಹದ ಪುಡಿ ಬೆರೆಸಿದ, ನಿಧಾನಕ್ಕೆ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಸಾಕು. ಐದು ನಿಮಿಷಕ್ಕೆ ಗಟ್ಟಿಯಾಗುವಂಥದ್ದು ಬಿಸಿಗೆ ಮೆತ್ತಗಾಗುತ್ತದೆ, ತರಬೇಡಿ. ಮೊದಲ ತೆಳು ಪದರ ಹಚ್ಚಿ, ಅದು ಹಸಿ ಇರುವಾಗಲೇ ಒರಟು ಎಮರಿ ಪೇಪರಿನಿಂದ ಲೋಹದ ಮೇಲೆ ತಿಕ್ಕಿ. ಆಕ್ಸೈಡ್ ಕಿತ್ತು ಬಂದ ಜಾಗಕ್ಕೆ ಗಾಳಿ ತಾಗುವ ಮೊದಲು ಎಪಾಕ್ಸಿಯೇ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಇಟ್ಟು ಇನ್ನೊಂದು ಪದರ ಹಾಕಿ, 24 ಗಂಟೆ ಮುಟ್ಟಬೇಡಿ.

ಕೇಸಿಂಗಿನ ಅಂಚು ಸಮ ಇದೆಯೇ ಅಂತ ದಪ್ಪ ಗಾಜಿನ ಮೇಲಿಟ್ಟು ನೋಡಿ. ಒಳಗಿನ ಅಲ್ಯೂಮಿನಿಯಂ ಪುಡಿ ಒಂದಿಷ್ಟೂ ಉಳಿಯದಂತೆ ತೊಳೆಯಿರಿ, ಉಳಿದರೆ ಬೇರಿಂಗ್ ಕಥೆ ಮುಗಿಯಿತು. ಪ್ಯಾಕಿಂಗ್, ಆಯಿಲ್ ಸೀಲ್ ಹೊಸದೇ ಹಾಕಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಬ್ರೀದರ್ ತೂತಿನಲ್ಲಿ (ಗೇರ್‌ಬಾಕ್ಸಿನ ಗಾಳಿ ಆಡುವ ಕಿಂಡಿ) ಮಣ್ಣು ಕಟ್ಟಿದ್ದರೆ ತೆಗೆಯಿರಿ, ಅದು ಮುಚ್ಚಿದ್ದರೆ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಕಂಪನಿ ಹೇಳಿದ ಗೇರ್ ಎಣ್ಣೆಯನ್ನು ಗುರುತಿನ ತನಕ ತುಂಬಿ, ಕೆಳಗೆ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಹೊಲಕ್ಕೆ ಇಳಿಸಿ, ಒಂದೆರಡು ಗಂಟೆ ಓಡಿಸಿದ ಮೇಲೆ ಆ ಎಣ್ಣೆ ಚೆಲ್ಲಿ ಹೊಸದು ಹಾಕಿ.